ಕಾಗದದಲ್ಲಿ ಗಟ್ಟಿ, ರಸ್ತೆಯಲ್ಲಿ?

ಧಾರವಾಡದಿಂದ ಬೆಳಗಾವಿ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಇದು ಶಿಲಾಬಾಲಿಕೆಯರ ಬೇಲೂರಲ್ಲ, ಲೇತ್ ಯಂತ್ರಗಳ ಬೇಲೂರು. ಟಾಟಾ ಸಂಸ್ಥೆ ಬ್ರೆಜಿಲ್ ದೇಶದ ಮಾರ್ಕೊಪೋಲೊ ಕಂಪನಿಯೊಡನೆ 2006ರಲ್ಲಿ ಕೈಜೋಡಿಸಿದ್ದರ ಫಲವಾದ ಬಸ್ ಕಾರ್ಖಾನೆ ಇರುವುದು ಇಲ್ಲಿಯೇ. ಸುತ್ತಮುತ್ತ ಬಿಡಿಭಾಗ ತಯಾರಿಸುವ ಸಣ್ಣಪುಟ್ಟ ಶೆಡ್ಡುಗಳು. ಅಂಥದೊಂದು ಶೆಡ್ಡಿನ ಒಡೆಯ ನನ್ನ ಹಳೆಯ ವಿದ್ಯಾರ್ಥಿ.

ಒಂದು ಸಂಜೆ ಅವನ ಫೋನು ಬಂತು. "ಸರ್, ಒಂದ್ ದೊಡ್ಡ ಗಾಡಿ ತಗೊಳ್ಳಾಕತ್ತೇನ್ರಿ. ನೀವೊಮ್ಮೆ ಬಂದು ನೋಡಬೇಕ್ರಿ."

"ನನಗೇನು ತಿಳೀತದಪಾ ಗಾಡಿ?"

"ಘರ್ಷಣೆ, ಒತ್ತಡ ಎಲ್ಲಾ ಕಲಿಸಿದವ್ರು ನೀವ ಅಲ್ರಿ!"

ಮರುದಿನ ಬೆಳಿಗ್ಗೆ ಹೋದೆ. ಶೆಡ್ಡಿನ ಮುಂದೆ ಆನೆಯ ಹಾಗೆ ನಿಂತಿತ್ತು ಗಾಡಿ. ಏಳು ಸೀಟಿನ ವಿದೇಶಿ ಎಸ್‌ಯುವಿ, 2014ರ ನೋಂದಣಿ, ದೆಹಲಿಯ ನಂಬರು. ಹೊಸದಾಗಿದ್ದಾಗ ಅರ್ಧ ಕೋಟಿಗೂ ಮೇಲಿದ್ದ ಬೆಲೆ ಈಗ ಹೊಸ ಸಣ್ಣ ಕಾರೊಂದರ ಬೆಲೆಗೆ ಇಳಿದಿತ್ತು. ಹುಡುಗ ಹೊಸ ಯಂತ್ರಕ್ಕೆಂದು ಕೂಡಿಟ್ಟ ಹಣದಲ್ಲಿ ಆಗಲೇ 25 ಸಾವಿರ ಮುಂಗಡ ಕೊಟ್ಟಿದ್ದ. ತಿಂಗಳಿಗೊಮ್ಮೆ ತಾಯಿ, ಹೆಂಡತಿ, ಮಕ್ಕಳನ್ನು ಕೂಡ್ರಿಸಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕೆಂಬುದು ಅವನ ಆಸೆ.

2029ರ ತನಕ ಫಿಟ್!

ಇಷ್ಟು ಅಗ್ಗವೇಕೆ? ಕಾರಣ ದೆಹಲಿಯಲ್ಲಿದೆ. ಹೊಗೆಯ ಹಾವಳಿ ತಡೆಯಲು 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಅಲ್ಲಿ ಓಡಬಾರದೆಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರಲ್ಲಿ ಅದು ಸಡಿಲವಾಯಿತಾದರೂ, ಅಷ್ಟರಲ್ಲಿ ಅಲ್ಲಿನ ಶ್ರೀಮಂತರ ಗಾಡಿಗಳು ದೇಶದ ಮೂಲೆಮೂಲೆಗೆ ಹರಿದುಬಂದಿದ್ದವು.

"ಚಿಂತೀನ ಬ್ಯಾಡ್ರಿ ಸರ್, 2029ರ ತನಕ ಫಿಟ್‌ನೆಸ್ ಐತ್ರಿ" ಎಂದು ಏಜೆಂಟ್ ಆರ್‌ಸಿ ತೋರಿಸಿದ. ನಿಜ, ಹಾಗೆಂದೇ ಬರೆದಿತ್ತು. ಆದರೆ ಓದುಗರೇ, ಆ ದಿನಾಂಕ ಬಂದದ್ದು ಹೇಗೆ? 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಷ್ಯ. ಗಾಡಿ ಹುಟ್ಟಿದ ದಿನವೇ ಬರೆದ ಜಾತಕವದು, ಪರೀಕ್ಷೆ ಮಾಡಿ ಕೊಟ್ಟ ಅಂಕಪಟ್ಟಿಯಲ್ಲ. 15 ವರ್ಷವಾದ ಮೇಲೆ ಆರ್‌ಟಿಒ ಕಚೇರಿಯಲ್ಲಿ ತಪಾಸಣೆಯಾಗಿ 5 ವರ್ಷಕ್ಕೆ ನವೀಕರಣ. ನಡುವೆ ಬ್ರೇಕು, ಸ್ಟೀರಿಂಗು ಹೇಗಿದೆ ಎಂದು ಕಾನೂನಿನಂತೆ ಯಾರೂ ಕೇಳುವುದಿಲ್ಲ. ಪಿಯುಸಿ ಚೀಟಿ ನೋಡುವುದು ಹೊಗೆಯನ್ನು ಮಾತ್ರ.

ತಮಾಷೆಯೆಂದರೆ, ಅದೇ ಬೇಲೂರಿನಲ್ಲಿ ತಯಾರಾದ ಬಸ್ಸು ಬಾಡಿಗೆಗೆ ಓಡಬೇಕಾದರೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅರ್ಹತಾಪತ್ರ ಪಡೆಯಬೇಕು. ಬ್ರಿಟನ್ನಿನಲ್ಲಿ 1960ರಲ್ಲಿ ಶುರುವಾದ ಎಂಒಟಿ ಎಂಬ ತಪಾಸಣೆ ಈಗ ಮೂರು ವರ್ಷ ತುಂಬಿದ ಖಾಸಗಿ ಕಾರಿಗೂ ಪ್ರತಿ ವರ್ಷ ಕಡ್ಡಾಯ. ಗಾಡಿಯ ನಂಬರು ಗೊತ್ತಿದ್ದರೆ ಅದು ಯಾವ ವರ್ಷ ಪಾಸು, ಯಾವ ವರ್ಷ ನಪಾಸು, ಆಗ ಎಷ್ಟು ಮೈಲಿ ಓಡಿತ್ತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಕೊಳ್ಳುವವನೇ ಇನ್‌ಸ್ಪೆಕ್ಟರ್ ಆಗಬೇಕು.

ಒಂಬತ್ತು ಲಕ್ಷ ಜೂಲ್

ಪಕ್ಕದ ಗ್ಯಾರೇಜಿನ ಮಿಸ್ತ್ರಿ ಗಾಡಿಯನ್ನು ಲಿಫ್ಟಿಗೆ ಏರಿಸಿದರು. ಕೆಳಗೆ ನಿಂತು ಬ್ಯಾಟರಿ ಬಿಟ್ಟು ನೋಡಿ ನಕ್ಕರು: "ಮ್ಯಾಲೆ ಮದುಮಗ, ಕೆಳಗ ಮುದುಕ ಅದಾನ್ರಿ!"

ಬ್ರೇಕ್ ಡಿಸ್ಕು ಸವೆದು ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಏಣು ಎದ್ದಿತ್ತು. ಇಲ್ಲಿ ನನ್ನ ಪಾಠ ಉಪಯೋಗಕ್ಕೆ ಬಂತು. 2,400 ಕಿಲೋ ತೂಕದ ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನ ಶಕ್ತಿ ಸುಮಾರು 9.25 ಲಕ್ಷ ಜೂಲ್. 900 ಕಿಲೋದ ಸಣ್ಣ ಕಾರಿನದು ಅದೇ ವೇಗಕ್ಕೆ ಮೂರೂವರೆ ಲಕ್ಷ. ಗಾಡಿ ನಿಲ್ಲಬೇಕಾದರೆ ಆ ಶಕ್ತಿಯ ಬಹುಪಾಲು ಬ್ರೇಕಿನಲ್ಲಿ ಶಾಖವಾಗಬೇಕು. ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕೆ ಹತ್ತಿರ ಹತ್ತಿರ 3 ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬಂದೀತು!

ಬ್ರೇಕ್ ಎಣ್ಣೆಯದು ಇನ್ನೊಂದು ಕಥೆ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿಯ ತನಕ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಗುಡ್ಡ ಇಳಿಯುವಾಗ ಬ್ರೇಕು ಕಾದು ಎಣ್ಣೆ ಕುದಿದರೆ ಒಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಅದುಮಲಾಗದು, ಆವಿ ಅದುಮಬಹುದು. ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಎಣ್ಣೆ ಎಂದು ಬದಲಾಯಿಸಿದ್ದು ಎಂಬುದಕ್ಕೆ ಏಜೆಂಟನ ಬಳಿ ಉತ್ತರವಿರಲಿಲ್ಲ. ನನ್ನ ಶಿಷ್ಯನ ಮುಖ ಚಿಕ್ಕದಾಯಿತು. ಅವನಿಗೆ ಸವದತ್ತಿಯ ಇಳಿಜಾರು ನೆನಪಾಗಿರಬೇಕು.

ಪಾಸಾಗುವುದು ಬೇರೆ, ಬಾಳುವುದು ಬೇರೆ

ಟೈರುಗಳ ಮೇಲೆ 2216 ಎಂಬ ಅಂಕಿ ಇತ್ತು. ಅಂದರೆ 2016ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು. ತೋಡು ಉಳಿದಿದ್ದರೂ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಕೀಲಿ ತಿರುಗಿಸಿದರೆ ಏರ್‌ಬ್ಯಾಗಿನ ದೀಪ ಒಂದೆರಡು ಕ್ಷಣ ಹೊತ್ತಿ ಆರಬೇಕು. ಇಲ್ಲಿ ಹೊತ್ತಲೇ ಇಲ್ಲ. ಯಾವುದೋ ಅಪಘಾತದ ಗುಟ್ಟು ಮುಚ್ಚಲು ದೀಪವನ್ನೇ ಕಿತ್ತಿರಬಹುದೆಂದರು ಮಿಸ್ತ್ರಿ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಈ ಗಾಡಿಗೆ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲಗಳು. ಹಿಂದಿನ ರಾತ್ರಿ ಶೆಡ್ಡಿನ ಮುಂದೆ ನೆಟ್ಟಗೆ ನಿಂತಿದ್ದ ಗಾಡಿ ಬೆಳಿಗ್ಗೆ ಎಡ ಹಿಂಗಾಲಲ್ಲಿ ಎರಡು ಬೆರಳು ಕುಸಿದಿತ್ತು. ಎಂಜಿನ್ ಶುರು ಮಾಡಿದೊಡನೆ ಕಂಪ್ರೆಸರ್ ಗಾಳಿ ತುಂಬಿ ಎತ್ತಿ ನಿಲ್ಲಿಸಿತು. ತಪಾಸಣೆಯ ಅರ್ಧ ತಾಸಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಸೋರುವ ಚೀಲಕ್ಕೆ ಗಾಳಿ ತುಂಬುತ್ತ ತುಂಬುತ್ತ ಒಂದು ದಿನ ಕಂಪ್ರೆಸರ್ ಸುಟ್ಟುಹೋಗುತ್ತದೆ.

ವ್ಯತ್ಯಾಸ ಇರುವುದು ಇಲ್ಲಿಯೇ. ಅಂದಿನ ಮಟ್ಟಿಗೆ ರಸ್ತೆಗಿಳಿಯಲು ಯೋಗ್ಯವೇ ಎಂಬುದು ತಪಾಸಣೆಯ ಪ್ರಶ್ನೆ. ನಾಳೆ ಕೈಕೊಡುವುದಿಲ್ಲವೇ ಎಂಬುದು ನಂಬಿಕೆಯ ಪ್ರಶ್ನೆ. ಟೈರು, ಬ್ರೇಕ್ ಪ್ಯಾಡು ಸವೆದ ಗಾಡಿ ತಪಾಸಣೆಯಲ್ಲಿ ನಪಾಸಾದೀತು. ಅವನ್ನು ಬದಲಾಯಿಸಿದರೆ ಮತ್ತೆ ವರ್ಷಗಟ್ಟಲೆ ಬಾಳೀತು. ಗಾಳಿಚೀಲ, ಗೇರ್ ಪೆಟ್ಟಿಗೆ ಕಾಯಿಲೆ ಬಿದ್ದ ಗಾಡಿ ಥಳಥಳ ಹೊಳೆಯುತ್ತ ಪಾಸಾಗಿ ಮರುವಾರವೇ ಮನೆ ಮುಂದೆ ಕೂತೀತು. ಗಾಡಿಯ ಬೆಲೆ ವರ್ಷವರ್ಷ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಆನೆ ಅಗ್ಗವಾದರೂ ಅದರ ಮೇವು ಅಗ್ಗವಲ್ಲ. ಮಿಸ್ತ್ರಿಯ ಲೆಕ್ಕದಲ್ಲಿ ರಿಪೇರಿಗೇ ಗಾಡಿಯ ಬೆಲೆಯ ಅರ್ಧ ಬೇಕಿತ್ತು.

ಹಾಗೆಂದು ಹಳೆಯ ದೊಡ್ಡ ಗಾಡಿಗಳೆಲ್ಲ ಕೆಟ್ಟವಲ್ಲ. ಒಬ್ಬನೇ ಯಜಮಾನನ ಕೈಯಲ್ಲಿದ್ದು, ಕಾಲಕಾಲಕ್ಕೆ ಸರ್ವಿಸ್ ಆದ ದಾಖಲೆಯಿರುವ ಗಾಡಿ ಚೆನ್ನಾಗಿಯೇ ಬಾಳುತ್ತದೆ. ಕೊಳ್ಳುವ ಮುನ್ನ ಇಷ್ಟು ಮಾಡಿ:

* ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ನಾಲ್ಕೂ ಮೂಲೆಯ ಎತ್ತರ ಅಳೆಯಿರಿ. ಎಂಜಿನ್ನನ್ನು ತಣ್ಣಗಿದ್ದಾಗಲೇ ಶುರು ಮಾಡಿಸಿ.
* ನಿಮ್ಮದೇ ಮಿಸ್ತ್ರಿಯಿಂದ ಲಿಫ್ಟಿಗೆ ಏರಿಸಿ ನೋಡಿ. ಮಾರುವವನ ಮಿಸ್ತ್ರಿ ಬೇಡ.
* ಮೀಟರಿನ ಕಿಲೋಮೀಟರನ್ನು ಸರ್ವಿಸ್ ಪುಸ್ತಕದೊಡನೆ ತಾಳೆ ನೋಡಿ.
* ಸಾಲ, ವಿಮೆ, ಬಾಕಿ ದಂಡಗಳನ್ನು ಸರಕಾರದ ವಾಹನ್ ತಾಣದಲ್ಲಿ ಪರಿಶೀಲಿಸಿ.
* ಹೊರರಾಜ್ಯದ ಗಾಡಿಗೆ ಅಲ್ಲಿನ ಎನ್‌ಒಸಿ ಬೇಕು. ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು.
* ಇವೆಲ್ಲ ಮುಗಿದ ಮೇಲೆ ಮುಂಗಡ. ಮೊದಲಲ್ಲ.

ನನ್ನ ಶಿಷ್ಯ ಮುಂಗಡ ಮರಳಿ ಕೇಳಿದ. ಏಜೆಂಟ್ ಕೊಡಲಿಲ್ಲ. ಜಗಳವಾಡೋಣವೆಂದು ನಾನೇ ಮುಂದಾದೆ. "ಹೋಗ್ಲಿ ಬಿಡ್ರಿ ಸರ್, ಟ್ಯೂಷನ್ ಫೀ ಅಂತ ತಿಳಕೋತೇನಿ" ಎಂದು ಅವನು ಶೆಡ್ಡಿನೊಳಗೆ ನಡೆದ. ಉಳಿದ ಹಣಕ್ಕೆ ಹೊಸ ಯಂತ್ರ ಬಂತು. ಸವದತ್ತಿಗೆ ಅವರು ಈಗಲೂ ಬಸ್ಸಿನಲ್ಲಿಯೇ ಹೋಗುತ್ತಾರೆ.

ಎಸ್ಸೆಸ್ಸೆಲ್ಸಿಯಲ್ಲಿ 35 ಅಂಕ ತೆಗೆದು ಪಾಸಾದ ಎಷ್ಟೋ ಹುಡುಗರನ್ನು ನಾನು ನೋಡಿದ್ದೇನೆ. ಇವನೂ ಅವರಲ್ಲೊಬ್ಬ. ಅಂಕಪಟ್ಟಿ ನೋಡಿ ಇವನು ಇಷ್ಟು ಬಾಳಿಕೆ ಬರುತ್ತಾನೆಂದು ಯಾರೂ ಹೇಳುತ್ತಿರಲಿಲ್ಲ.