ಸಂಗನಕಲ್ಲಿನ ಗುಡ್ಡಗಳಲ್ಲಿ ಒಂದು ದಿನದ ನಡಿಗೆ

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಿಗೆ ಬಳ್ಳಾರಿಯು ತವರಿನ ಹೆಬ್ಬಾಗಿಲಿದ್ದಂತೆ. ಈ ಎರಡು ನಗರಗಳನ್ನೂ ಹಾದು, ಗುಂಟೂರು, ಗುಂತಕಲ್ಲುಗಳ ಮಾರ್ಗವಾಗಿ ಸಾಗುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿಯನ್ನು ಸಮೀಪಿಸಿದಂತೆ ಕಿಟಕಿಯ ಹೊರಗೆ ಬಂಡೆಗಳನ್ನು ಒಟ್ಟಿದಂತಹ ಬೋಳು ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಹುಬ್ಬಳ್ಳಿಯ ಕಡೆಗೆ ಹೊರಟವರು ಅವನ್ನು ನೋಡಿಯೂ ನೋಡದಂತೆ ಮುಂದೆ ಸಾಗುವುದೇ ವಾಡಿಕೆ. ಆದರೆ ಈ ಗುಡ್ಡಗಳಲ್ಲಿ ಕೆಲವು, ದಕ್ಷಿಣ ಭಾರತದ ಅತ್ಯಂತ ಪ್ರಾಚೀನ ಕಾರ್ಖಾನೆಗಳು ಎಂಬುದನ್ನು ಬಲ್ಲವರು ವಿರಳ. ರಜೆಯ ಒಂದು ದಿನವನ್ನು ಇಲ್ಲಿನ ನಡಿಗೆಗೆ ಮೀಸಲಿಟ್ಟರೆ ದೇಹಕ್ಕೆ ವ್ಯಾಯಾಮವೂ ಮನಸ್ಸಿಗೆ ಆಹಾರವೂ ಒಟ್ಟಿಗೆ ಲಭಿಸುತ್ತವೆ.

ಬಳ್ಳಾರಿ ನಗರದಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿರುವ ಊರು ಸಂಗನಕಲ್ಲು. ಇದರ ನೆರೆಯಲ್ಲಿ ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ ಹಾಗೂ ಹಿರೇಗುಡ್ಡಗಳಿವೆ. ಹಿರೇಗುಡ್ಡದ ಮತ್ತೊಂದು ಬದಿಯ ಊರಿನ ಹೆಸರು ಕಪ್ಪಗಲ್ಲು. ಗುಡ್ಡವೆಲ್ಲ ಗ್ರಾನೈಟ್ ಶಿಲೆ. ಆದರೆ ಅದನ್ನು ಸೀಳಿಕೊಂಡು ಬಂದ ಶಿಲಾರಸವು ಗಟ್ಟಿಯಾಗಿ ಕಪ್ಪು ಕಲ್ಲಿನ ಗೋಡೆಯಂತೆ ಹಾದುಹೋಗಿದೆ. ಭೂವಿಜ್ಞಾನಿಗಳು ಇದನ್ನು ಡಾಲರೈಟ್ ಎನ್ನುತ್ತಾರೆ. ನವಶಿಲಾಯುಗದ ಜನರು ಅರಸಿ ಬಂದದ್ದು ಈ ಕಪ್ಪು ಕಲ್ಲನ್ನೇ.

ಬೆಳಗಿನ ತಂಪಿನಲ್ಲಿ ಗುಡ್ಡವನ್ನೇರುವವರ ಕಾಲಡಿಯಲ್ಲಿ ಕಲ್ಲಿನ ಚಕ್ಕೆಗಳು ಗಲಗಲ ಎನ್ನುತ್ತವೆ. ಮೊದಲ ನೋಟಕ್ಕೆ ಇವು ಬಿಸಿಲು ಮಳೆಗಳಿಂದ ಒಡೆದ ಚೂರುಗಳೆಂದೇ ತೋರುತ್ತವೆ. ಕುಳಿತು ನೋಡಿದರೆ ಪ್ರತಿಯೊಂದರ ಮೇಲೂ ಪೆಟ್ಟು ಬಿದ್ದ ಗುರುತಿದೆ. ಕಪ್ಪು ಗೋಡೆಯಿಂದ ಗುಂಡುಗಳನ್ನು ಬಿಡಿಸಿ, ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರಕ್ಕೆ ತಂದು, ಸಣ್ಣ ಪೆಟ್ಟುಗಳಿಂದ ಮೈಯನ್ನು ಸಮಗೊಳಿಸಿ, ಕೊನೆಗೆ ಗ್ರಾನೈಟ್ ಬಂಡೆಗೆ ಉಜ್ಜಿ ಅಲಗನ್ನು ನುಣುಪು ಮಾಡುತ್ತಿದ್ದರು. ಹೀಗೆ ಉಜ್ಜಿದ ಜಾಗಗಳಲ್ಲಿ ದೋಣಿಯ ಹೊಟ್ಟೆಯಂತಹ ತಗ್ಗುಗಳು ಉಳಿದಿವೆ. ಅದರೊಳಗೆ ಅಂಗೈ ಇಟ್ಟರೆ ಮೂರು ಸಾವಿರ ವರ್ಷಗಳಿಗೂ ಹಿಂದಿನ ದುಡಿಮೆ ಕೈಗೆ ತಾಗುತ್ತದೆ. ಇಲ್ಲಿಯ ಕೊಡಲಿ ತಯಾರಿಕೆಯು ಕ್ರಿ.ಪೂ. 1400ರಿಂದ 1200ರ ಸುಮಾರಿಗೆ ಉಚ್ಛ್ರಾಯದಲ್ಲಿತ್ತೆಂದು ವಿದ್ವಾಂಸರು ತಿಳಿಸುತ್ತಾರೆ.

19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಪ್ರದೇಶದ ಮಹತ್ತ್ವವನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದರು. ಬೆಂಡಪೂಡಿ ಸುಬ್ಬರಾವ್ ಅವರು ಇಲ್ಲಿ ಉತ್ಖನನ ನಡೆಸಿ 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಗ್ರಂಥವನ್ನು ಪ್ರಕಟಿಸಿದರು. ಆಗ ಬಳ್ಳಾರಿಯು ಮದರಾಸು ಪ್ರಾಂತದಲ್ಲಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ದಿನ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದವು. ಮುಂದೆ 1964-65ರಲ್ಲಿ ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಅವರೂ, ತರುವಾಯ ಧಾರವಾಡದ ರವಿ ಕೋರಿಶೆಟ್ಟರ್ ಅವರು ವಿದೇಶಿ ವಿದ್ವಾಂಸರೊಡನೆಯೂ ಇಲ್ಲಿ ಸಂಶೋಧನೆ ನಡೆಸಿದರು.

ಆ ಜನರು ಏನನ್ನು ಉಣ್ಣುತ್ತಿದ್ದರು? ಸುಟ್ಟು ಕರಿಯಾಗಿ ಉಳಿದ ಕಾಳುಗಳೇ ಇದಕ್ಕೆ ಉತ್ತರ ನೀಡಿವೆ: ಹುರುಳಿ, ಹೆಸರು, ಕೊರಲೆ ಮೊದಲಾದ ಕಿರುಧಾನ್ಯಗಳು. ವಿಜಯವಾಡದ ಅಂಗಡಿಯಲ್ಲಿ ಇಂದು ಆರೋಗ್ಯಾಹಾರವೆಂದು ಕೊಳ್ಳುವ ಕೊರಲೆಯು ಈ ಗುಡ್ಡದವರ ನಿತ್ಯದ ಊಟವಾಗಿತ್ತು. ಅದೊಂದು ದಿವ್ಯೌಷಧವಲ್ಲ, ಆದರೆ ನಾರಿನ ಅಂಶವುಳ್ಳ ಧಾನ್ಯ, ಜತೆಗೆ ಸಾರಜನಕಯುಕ್ತ ಕಾಳು, ಮೇಲೆ ದಿನವಿಡೀ ಮೈಮುರಿದು ದುಡಿತ, ಈ ಮೂರೂ ಅವರಲ್ಲಿ ಕೂಡಿದ್ದವು. ಇಂದು ನಮ್ಮಲ್ಲಿ ಕೊರತೆಯಾಗಿರುವುದು ಮೂರನೆಯದು.

ಕಪ್ಪಗಲ್ಲಿನ ಕಡೆಗೆ ಸಾಗಿದರೆ ಕಪ್ಪು ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳ ದರ್ಶನವಾಗುತ್ತದೆ. ಉದ್ದ ಕೊಂಬಿನ, ಡುಬ್ಬದ ದನಗಳು, ಮನುಷ್ಯಾಕೃತಿಗಳು. ಕೆಲವು ಗುಂಡುಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಹೊಮ್ಮುತ್ತದೆ. ಹಿಂದೆಯೂ ಹೀಗೆ ಬಡಿಯುತ್ತಿದ್ದುದಕ್ಕೆ ಸಾಕ್ಷಿಯಾಗಿ ಅವುಗಳ ಮೇಲೆ ಬಟ್ಟಲಿನಂತಹ ಗುಳಿಗಳಿವೆ. ಇಲ್ಲಿಯೇ ಸಮೀಪದಲ್ಲಿ ಬೂದಿದಿಬ್ಬವೊಂದಿದೆ. ಬಳ್ಳಾರಿಯಿಂದ ಹೊಸಪೇಟೆಯ ದಾರಿಯಲ್ಲಿರುವ ಕುಡತಿನಿಯ ಬೂದಿದಿಬ್ಬವಂತೂ ಇನ್ನೂ ಪ್ರಸಿದ್ಧ. ಇಂತಹ ದಿಬ್ಬಗಳನ್ನು ಜನಪದರು ರಾಕ್ಷಸರ ಚಿತಾಭಸ್ಮವೆಂದು ಕರೆದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಎಂದು ನಂಬಿದರು. ವಾಸ್ತವವಾಗಿ ಇದು ದನದ ದೊಡ್ಡಿಗಳಲ್ಲಿ ರಾಶಿಯಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟ ಬೂದಿ. ಉತ್ನೂರಿನಲ್ಲಿ 1957ರಲ್ಲಿ ಉತ್ಖನನ ಮಾಡಿದ ಆಲ್ಚಿನ್ ಅವರು, ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವ ನಮ್ಮ ಪದ್ಧತಿಗೂ ಈ ಬೆಂಕಿಗೂ ನಂಟಿರಬಹುದೆಂದು ಊಹಿಸಿದರು.

ಈ ನಡಿಗೆಯಲ್ಲಿ ಮನಸ್ಸನ್ನು ಕಲಕುವ ನೋಟವೂ ಉಂಟು. ಹಳೆಯ ಕಲ್ಲುಗಣಿಯ ಪಕ್ಕದಲ್ಲಿಯೇ ಹೊಸ ಕಲ್ಲುಗಣಿಗಳ ಗಾಯಗಳಿವೆ. ಗ್ರಾನೈಟ್ ಒಡೆಯುವ ಕೆಲಸದಿಂದ ಚಿತ್ರಗಳಿಗೂ ನಾದದ ಬಂಡೆಗಳಿಗೂ ಒದಗಿದ ಅಪಾಯವನ್ನು ಸಂಶೋಧಕರು 2004ರಲ್ಲಿಯೇ ಜಗತ್ತಿನ ಗಮನಕ್ಕೆ ತಂದಿದ್ದರು. ಕೊಡಲಿ ಮಾಡಿದವರೂ ಗುಡ್ಡವನ್ನು ಒಡೆದವರೇ, ನಿಜ. ಆದರೆ ತಲೆಮಾರುಗಳ ಕಾಲ ಕೈಯಿಂದ ಒಡೆದರೂ ಗುಡ್ಡ ಉಳಿಯಿತು. ಅವರು ಬಿಟ್ಟ ಚಕ್ಕೆಗಳಿಂದಲೇ ಅವರ ಕಥೆ ನಮಗೆ ತಿಳಿಯಿತು. ಸಿಡಿಮದ್ದು ಹಾಗೂ ಯಂತ್ರಗಳು ಚಿತ್ರವಿದ್ದ ಬಂಡೆಯನ್ನು ಜಲ್ಲಿಯಾಗಿಸಿದರೆ ಅನಂತರ ಓದಲು ಏನೂ ಉಳಿಯುವುದಿಲ್ಲ.

ನಡಿಗೆಗೆ ಹೊರಡುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಬೇಸಿಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಮೀರುವುದುಂಟು. ಕಡಲ ತೀರದ ವಿಶಾಖಪಟ್ಟಣದಲ್ಲಿ ಬೆವರು ಮೈಮೇಲೆ ನಿಂತು ತಿಳಿಯುತ್ತದೆ. ಬಳ್ಳಾರಿಯ ಒಣಹವೆಯಲ್ಲಿ ಬೆವರು ಕೂಡಲೆ ಆರುವುದರಿಂದ ದೇಹ ಕಳೆದುಕೊಂಡ ನೀರು ಅರಿವಿಗೆ ಬಾರದು. ಬಾಯಾರುವ ಮೊದಲೇ ನೀರು, ಮಜ್ಜಿಗೆ ಕುಡಿಯುತ್ತಿರಬೇಕು. ತಲೆಗೆ ಟೋಪಿ ಇಲ್ಲವೆ ವಸ್ತ್ರ, ಕಾಲಿಗೆ ಬಿಗಿಯಾದ ಬೂಟು ಅಗತ್ಯ. ಮಂಡಿನೋವಿನವರಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ, ಊರುಗೋಲು ನೆರವಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಸಕ್ಕರೆ ಅಥವಾ ಬೆಲ್ಲವನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಹೃದ್ರೋಗಿಗಳು ವೈದ್ಯರನ್ನು ಕೇಳದೆ ಗುಡ್ಡವೇರಬಾರದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊರಿಗೆ ಹೊರಡುವ ಮುನ್ನ ಒಂದೆರಡು ತಿಂಗಳು ರಾಮಕೃಷ್ಣ ಬೀಚಿನಲ್ಲಿಯೋ ಕೃಷ್ಣೆಯ ದಡದಲ್ಲಿಯೋ ಅಷ್ಟು ನಡೆದರೆ ಗುಡ್ಡವು ಭಾರವೆನಿಸದು.

ಇಳಿಯುವ ಹೊತ್ತಿಗೆ ಮಕ್ಕಳ ಜೇಬಿನಲ್ಲಿ ಒಂದೆರಡು ಕಲ್ಲಿನ ಚಕ್ಕೆಗಳು ಸೇರಿರುವುದು ಸಹಜ. ಹಿರಿಯರು ಅವನ್ನು ಎತ್ತಿದ ಜಾಗದಲ್ಲಿಯೇ ಇಡಿಸಬೇಕು. ಯಾವ ಚಕ್ಕೆ ಎಲ್ಲಿ ಬಿದ್ದಿತ್ತೆಂಬುದರಿಂದಲೇ ಕುಶಲಕರ್ಮಿಯು ಎಲ್ಲಿ ಕುಳಿತಿದ್ದನೆಂದು ತಿಳಿಯುವುದು. ಮನೆಯ ಷೋಕೇಸಿಗೆ ಬಂದರೆ ಅದು ಬರಿಯ ಕಲ್ಲು. ಕೊಡಲಿಗಳನ್ನು ಕಾಣುವ ಆಸೆಯಿದ್ದರೆ ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಅದನ್ನು ನೋಡಿಕೊಂಡು ರೈಲು ಹತ್ತಿದ ಮಗು, ಮುಂದಿನ ಬಾರಿ ಕಿಟಕಿಯಲ್ಲಿ ಗುಡ್ಡಗಳು ಕಾಣಿಸಿದಾಗ ತಾನಾಗಿಯೇ ಎದ್ದು ನಿಂತು ಅವುಗಳ ಹೆಸರು ಹೇಳೀತು.