ಭಾರಲೋಹ: ಬಾಟಲಿ ಕೊಳ್ಳುವ ಮುಂಚೆ ಮಣ್ಣು ಪರೀಕ್ಷೆ

"ಮಣ್ಣಿನ ವಿಷ ತೆಗೆಯುವ ದ್ರಾವಣ" ಅಂತ ವಾಟ್ಸಾಪ್‌ನಲ್ಲಿ ಜಾಹೀರಾತು ಬರ್ತವೆ. ಎಷ್ಟೋ ಕೀಟನಾಶಕಗಳನ್ನು ಸೂಕ್ಷ್ಮಜೀವಿಗಳು ನಿಧಾನಕ್ಕೆ ಒಡೆದು ಹಾಕುತ್ತವೆ. ಆದರೆ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮೂಲಧಾತುಗಳು; ಯಾವ ಜೀವಾಣುವೂ ಅವನ್ನು ಇಲ್ಲವಾಗಿಸಲಾರದು. ಒಂದೋ ಮಣ್ಣಲ್ಲೇ ಕಟ್ಟಿಹಾಕಬೇಕು, ಇಲ್ಲಾ ಗಿಡದಿಂದ ಹೀರಿಸಿ ಹೊರಗೆ ಸಾಗಿಸಬೇಕು.

ಹುಲಿಹೈದರದಿಂದ ತಾವರಗೇರಾ, ಮುದಗಲ್, ಲಿಂಗಸುಗೂರು ದಾಟಿದರೆ ಹಟ್ಟಿ. ಅಲ್ಲಿ ಚಿನ್ನದ ಅದಿರಿನ ಜೊತೆಗೇ ಆರ್ಸೆನಿಕ್ ಖನಿಜವೂ ಇದೆ. ಇಂಥದೇ ಚಿನ್ನದ ಪಟ್ಟಿಯಲ್ಲಿರುವ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ನೀರಿನ ಆರ್ಸೆನಿಕ್‌ನಿಂದ ಜನರಿಗೆ ಚರ್ಮರೋಗ ಬಂದದ್ದು ದಾಖಲಾಗಿದೆ. ನಮ್ಮ ಹೊಲದಲ್ಲೂ ಇದೆ ಅಂತಲ್ಲ. ಆದರೆ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಈ ಮೂರೂ ಇಲ್ಲ. ಅನುಮಾನವಿದ್ದರೆ ಮಣ್ಣು, ಬೋರಿನ ನೀರು ಎರಡಕ್ಕೂ ಭಾರಲೋಹದ ಪರೀಕ್ಷೆಯನ್ನೇ ಕೇಳಿ ಮಾಡಿಸಿ.

ಯಾವ ಲೋಹ ಅಂತ ತಿಳಿಯದೆ ಔಷಧ ಮಾಡಬ್ಯಾಡ್ರಿ. ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಸೀಸ, ಕ್ಯಾಡ್ಮಿಯಂ ಬೇರಿಗೆ ಸಿಗೋದು ಕಡಿಮೆ. (ನಮ್ಮ ಎರೆಹೊಲಕ್ಕೆ ಸುಣ್ಣ ಹೇಗೂ ಬ್ಯಾಡ.) ಅದೇ ಸುಣ್ಣ ಆರ್ಸೆನಿಕ್ಕನ್ನು ಸಡಿಲ ಮಾಡಬಹುದು. ಡಿಎಪಿಯ ರಂಜಕವೂ ಮಣ್ಣಿನ ಕಣದಲ್ಲಿ ಅದರ ಜಾಗ ಹಿಡಿದು ಹೊರದಬ್ಬುತ್ತದೆ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತರೆ ಆರ್ಸೆನಿಕ್ ಕಾಳಿಗೆ ಏರುತ್ತೆ. ನಡುನಡುವೆ ಗದ್ದೆ ಆರಿಸಿದರೆ ಇಳಿಯುತ್ತೆ. ಕ್ಯಾಡ್ಮಿಯಂ ಇದ್ದರೆ ಇದು ಪೂರ್ತಿ ಉಲ್ಟಾ.

ಟೆರಿಸ್ ವಿಟ್ಟಾಟಾ ಎಂಬ ಜರೀಗಿಡ ಆರ್ಸೆನಿಕ್ಕನ್ನು ಎಲೆಯಲ್ಲಿ ತುಂಬಿಕೊಳ್ಳುತ್ತೆ ಅಂತ 2001ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿದರು. ಅದಕ್ಕೆ ತೇವ ಬೇಕು, ವರ್ಷಗಟ್ಟಲೆ ಕೊಯ್ಯಬೇಕು. ನಮ್ಮ ಒಣಬೇಸಾಯಕ್ಕೆ ಕಷ್ಟವೇ. ಕೊಯ್ದ ಸೊಪ್ಪನ್ನು ದನಕ್ಕೂ ಹಾಕುವಂತಿಲ್ಲ, ತಿಪ್ಪೆಗೂ ಸುರಿಯುವಂತಿಲ್ಲ. ಸುಟ್ಟರೆ ಹೊಗೆ, ಬೂದಿ ಎರಡರಲ್ಲೂ ಆರ್ಸೆನಿಕ್.