ಆಟಗಾರರ ಗಾಯ ನೋಡಿಕೊಳ್ಳುವ ವೃತ್ತಿ: ಓದುವ ದಾರಿ

ಆದಿವಾಲ ಮತ್ತು ಸುತ್ತಲ ಹಳ್ಳಿಗಳಲ್ಲಿ ಕಬಡ್ಡಿ, ಖೋ-ಖೋ ಆಡುವ ಮಕ್ಕಳಿಗೆ ಕೊರತೆಯಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ವಿದ್ಯಾರ್ಥಿವೇತನ ಕೇಳಿ ಬರುವವರಲ್ಲಿ ಕೆಲವರು ಆಟಕ್ಕೆ ಸಂಬಂಧಿಸಿದ್ದನ್ನೇ ಓದುತ್ತೇವೆ ಎನ್ನುತ್ತಾರೆ. ಪಿ.ಟಿ. ಮೇಷ್ಟ್ರ ಕೆಲಸ ಬಿಟ್ಟು ಬೇರೆ ಏನಿದೆ ಎಂಬುದು ಪೋಷಕರ ಪ್ರಶ್ನೆ. ಇನ್ನೊಂದು ದಾರಿ ಇದೆ.

ಕಬಡ್ಡಿಯಲ್ಲಿ ರೈಡರ್ ಥಟ್ಟನೆ ತಿರುಗುತ್ತಾನೆ, ಮಂಡಿಯೊಳಗೆ ಟಪ್ ಎಂದು ಸದ್ದಾಗುತ್ತದೆ, ಕೆಲವೇ ಗಂಟೆಯಲ್ಲಿ ಊತ. ಮಂಡಿಯನ್ನು ಹಿಡಿದಿಡುವ ಎ.ಸಿ.ಎಲ್. ಎಂಬ ಕಟ್ಟು ಹರಿದಿರಬಹುದು. ನಮ್ಮ ಕಡೆ ಅದನ್ನು ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ನೀವುತ್ತಾರೆ, ಇಲ್ಲವೇ ಪುತ್ತೂರು ಕಟ್ಟು ಹಾಕಿಸುತ್ತಾರೆ. ನೋವು ಇಳಿದರೆ ಹುಡುಗ ಮತ್ತೆ ಅಂಕಣಕ್ಕೆ. ನೋವು ಹೋದರೂ ಮಂಡಿ ಜಾರುತ್ತಲೇ ಇರುತ್ತದೆ; ಹಾಗೇ ಆಡಿದರೆ ಒಳಗಿನ ಮೆತ್ತೆಯೂ ಹರಿಯಬಹುದು. ಶಸ್ತ್ರಚಿಕಿತ್ಸೆ ಆದವರು ಮರಳಿ ಆಡಲು ಸಾಮಾನ್ಯವಾಗಿ 9 ತಿಂಗಳಾದರೂ ಬೇಕು. ಅಷ್ಟು ದಿನ ತೊಡೆಗೆ ಬಲ ಬರಿಸಿ, ಎರಡೂ ಕಾಲಿನ ಶಕ್ತಿ ಅಳೆದು ನೋಡಿ, ಇನ್ನು ಆಡು ಎಂದು ಹೇಳಲು ಓದಿದವರು ಬೇಕು. ಅಮೆರಿಕದಲ್ಲಿ ಇವರಿಗೆ ಅಥ್ಲೆಟಿಕ್ ಟ್ರೈನರ್ ಎನ್ನುತ್ತಾರೆ. ಅಲ್ಲಿ ಈಗ ಸ್ನಾತಕೋತ್ತರ ಪದವಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುವವರು ಕ್ರೀಡಾ ಫಿಸಿಯೊಥೆರಪಿಸ್ಟ್‌ಗಳು.

ಇದಕ್ಕೆ ಬಿ.ಪಿ.ಟಿ. ಪದವಿ ಓದಬೇಕು. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷ. ರಾಜ್ಯದ ಅನೇಕ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಮುಂದೆ ಎರಡು ವರ್ಷದ ಎಂ.ಪಿ.ಟಿ.ಯಲ್ಲಿ ಕ್ರೀಡಾ ವಿಭಾಗ ಆರಿಸಿಕೊಳ್ಳಬಹುದು. 2021ರ ಕೇಂದ್ರ ಕಾಯ್ದೆಯೊಂದು ಫಿಸಿಯೊಥೆರಪಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ.

ಪೋಷಕರು ಮುಖ್ಯವಾಗಿ ಗಮನಿಸಬೇಕಾದ್ದು: ಈ ಬಾಗಿಲು ತೆರೆಯುವುದೂ ಮುಚ್ಚುವುದೂ ಪಿ.ಯು.ಸಿ. ಸೇರುವ ದಿನವೇ. ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಇರಲೇಬೇಕು. ವಾಣಿಜ್ಯ ಅಥವಾ ಕಲಾ ವಿಭಾಗ ತೆಗೆದುಕೊಂಡ ಮೇಲೆ ಎಷ್ಟೇ ಒಳ್ಳೆಯ ಆಟಗಾರನಾದರೂ ಬಿ.ಪಿ.ಟಿ. ಸೀಟು ಸಿಗದು. ಅಂಥವರಿಗೆ ಬಿ.ಪಿ.ಎಡ್. ಇದೆ, ಪಟಿಯಾಲದ ಎನ್.ಐ.ಎಸ್. ನಡೆಸುವ ತರಬೇತುದಾರರ ಡಿಪ್ಲೊಮಾ ಇದೆ. ಅವು ಬೇರೆ ಕೆಲಸ, ಕಡಿಮೆ ಕೆಲಸವಲ್ಲ.

ಮೂರು ತಿಂಗಳಲ್ಲಿ 'ಸರ್ಟಿಫೈಡ್ ಟ್ರೈನರ್' ಮಾಡುತ್ತೇವೆ ಎನ್ನುವ ಜಾಹೀರಾತು ನೋಡಿ ಹಣ ಕಟ್ಟಬೇಡಿ. ಜಿಮ್‌ನಲ್ಲಿ ಕೆಲಸ ಸಿಕ್ಕೀತು. ಗಾಯಕ್ಕೆ ಚಿಕಿತ್ಸೆ ಕೊಡುವ ಅರ್ಹತೆ ಅದರಿಂದ ಬರುವುದಿಲ್ಲ.

ಹೆಣ್ಣುಮಕ್ಕಳ ತಂಡಗಳಿಗೆ ಮಹಿಳಾ ಫಿಸಿಯೊ ಬೇಕೇ ಬೇಕು. ಆಟ ಬೇಡ ಎಂದು ಮಗಳನ್ನು ತಡೆದ ಮನೆಯವರೂ ಈ ಓದಿಗೆ ಒಪ್ಪುತ್ತಾರೆಂದು ನಮ್ಮ ಅನಿಸಿಕೆ. ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಆದವರಿಗೂ ಬೆನ್ನುನೋವಿನವರಿಗೂ ಇದೇ ಪದವಿ ನಡೆಯುತ್ತದೆ.

ಪ್ರವೇಶದ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಕೆ.ಇ.ಎ. ಪ್ರಕಟಣೆ ಓದಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲಕ್ಕೆ ಈ ಕೋರ್ಸ್ ಸೇರುತ್ತದೆಯೇ ಎಂದು ಚಿತ್ರದುರ್ಗದ ಜಿಲ್ಲಾ ಕಚೇರಿಯಲ್ಲಿ ಕೇಳಿ. ನಮ್ಮ ಟ್ರಸ್ಟಿಗೆ ಅರ್ಜಿ ಹಾಕುವವರು ಅಂಕಪಟ್ಟಿ, ಆದಾಯ ಪ್ರಮಾಣಪತ್ರದ ಜೊತೆಗೆ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದೆಂಬ ದಾಖಲೆಯನ್ನೂ ಲಗತ್ತಿಸಬೇಕು.